ಕಾರಂಜಾದ ಕೆಂಪು ನೀರು, ಕರಿ ಕಪ್ಪೆ

ಪೆಟ್ಟಿಗೆ ಟೆಕ್ಸಾಸ್‌ನಿಂದ ಬಂದದ್ದು. ಅಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ತಂದುಕೊಟ್ಟ. ಮುಚ್ಚಳ ತೆರೆದರೆ ಮೂವತ್ತಕ್ಕೂ ಹೆಚ್ಚು ಹುಸಿ ಎರೆಗಳು: ರಬ್ಬರ್ ಕಪ್ಪೆ, ರಬ್ಬರ್ ಹುಳು, ಪುಟ್ಟ ಮರದ ಮೀನು. ನಿಂಬೆಹಳದಿ, ರಕ್ತಗೆಂಪು, ಕಡುನೀಲಿ, ಬೆಳ್ಳಿ, ಕಪ್ಪು. ಅಲ್ಲಿಯವರು ಇವುಗಳಿಂದ ಹಿಡಿಯುವುದು ಲಾರ್ಜ್‌ಮೌತ್ ಬಾಸ್ ಎಂಬ ಮೀನನ್ನು. ಅದು ನಮ್ಮ ನೀರಿನಲ್ಲಿಲ್ಲ. ಆದರೆ ಅದರಂತೆಯೇ ಜೊಂಡಿನ ಮರೆಯಲ್ಲಿ ಹೊಂಚು ಹಾಕಿ ಎರಗುವ ಕೊರವ ಮೀನು ನಮ್ಮಲ್ಲಿದೆ. ಬೀದರಿನ ಕಡೆ ಅದಕ್ಕೆ ಮರಳ್ ಎನ್ನುವವರೂ ಇದ್ದಾರೆ.

"ಯಾವ ಬಣ್ಣವನ್ನು ಯಾವಾಗ ಹಾಕಬೇಕು?" ಎಂದು ಕೇಳಿದೆ.

"ಅದನ್ನು ನೀರು ನೋಡಿ ಹೇಳಬೇಕು, ಮಾಮಾ" ಎಂದ.

ನೀರು ನೋಡಲೆಂದೇ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಲಬುರಗಿಯಿಂದ ಬೀದರಿನ ರೈಲು ಹತ್ತಿದೆ. 2017ರಲ್ಲಿ ಶುರುವಾದ ಈ ಮಾರ್ಗದಲ್ಲಿ ಕಿಟಕಿಯ ಪಕ್ಕ ಕುಳಿತರೆ ಮಣ್ಣು ಬದಲಾಗುವುದನ್ನು ಕಣ್ಣಾರೆ ಕಾಣಬಹುದು. ಮೊದಲು ಎರೆಭೂಮಿ, ಅದರ ಮೇಲೆ ಸೊಂಟದೆತ್ತರದ ತೊಗರಿ. ಹುಮನಾಬಾದ್ ದಾಟಿದ ಮೇಲೆ ಅಲ್ಲಲ್ಲಿ ಕೆಂಪು ಇಣುಕತೊಡಗುತ್ತದೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಊರು ಹತ್ತಿರವಾದಂತೆ ಮಳೆನೀರು ನಿಂತ ಗುಂಡಿಗಳೂ ಕೆಂಪಾಗಿದ್ದವು.

ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ನನ್ನ ಪೆಟ್ಟಿಗೆಯನ್ನು ದಿಟ್ಟಿಸಿ ನೋಡಿ, "ಮೀನಿಗೆ ಬಣ್ಣ ಕಾಣುತ್ತದೆಯೇ?" ಎಂದರು. ನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿ ಇದೇ ಪ್ರಶ್ನೆಗೆ ದೊಡ್ಡ ಜಗಳವೇ ನಡೆದಿತ್ತು. ಮೀನಿಗೆ ಬಣ್ಣವೇ ತಿಳಿಯದು ಎಂದು ನೇತ್ರತಜ್ಞ ಕಾರ್ಲ್ ಫಾನ್ ಹೆಸ್ ಪಟ್ಟು ಹಿಡಿದಿದ್ದರು. ಯುವಕ ಕಾರ್ಲ್ ಫಾನ್ ಫ್ರಿಶ್, ಬಣ್ಣ ನೋಡಿ ಆಹಾರ ಹುಡುಕುವುದನ್ನು ಮಿನ್ನೋ ಮೀನುಗಳಿಗೆ ಕಲಿಸಿ ಆ ಮಾತನ್ನು ಮುರಿದರು. ಮುಂದೆ 1973ರಲ್ಲಿ ನೊಬೆಲ್ ಪಡೆದ, ಜೇನುನೊಣಗಳ ನೃತ್ಯವನ್ನು ಓದಿದ ವಿಜ್ಞಾನಿ ಇವರೇ. ಹಿರಿಯರು ಎಲ್ಲವನ್ನೂ ಕೇಳಿ, "ಹಾಗಾದರೆ ಹೊತ್ತು ಮುಳುಗಿದ ಮೇಲೆ?" ಎಂದರು. ಆ ಪ್ರಶ್ನೆ ನನ್ನೊಂದಿಗೇ ಇಳಿದು ಬಂತು.

ಅದಕ್ಕೆ ಅರ್ಧ ಉತ್ತರ ಸಿಕ್ಕಿದ್ದು ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ. ಕಾವಲುಗಾರರು ಬೀಗ ತೆಗೆದು ಒಳಗೆ ಬಿಟ್ಟರು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ನಿಧಾನವಾಗಿ ಗೋಡೆಯ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಮಿನುಗತೊಡಗಿದವು. ಬೀದರನ್ನು ಆಳಿದ ಅಲಿ ಬರೀದ್ ಶಾಹನ ಕಾಲದ ಕೆಲಸ ಅದು. ಅದೇ ಮಹಲಿನ ಹೆಂಚುಗಳ ಬಣ್ಣ ನೆರಳಿನಲ್ಲಿ ಮಂಕಾಗಿತ್ತು, ಚಿಪ್ಪು ಮಾತ್ರ ಇದ್ದಷ್ಟೇ ಬೆಳಕನ್ನು ಹಿಡಿದು ನಮ್ಮತ್ತ ಎಸೆಯುತ್ತಿತ್ತು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ತಿಳಿಗುಲಾಬಿ ಹೋಗಿ ತಿಳಿಹಸಿರು ಬರುತ್ತಿತ್ತು. ಮರಿಮೀನಿನ ಹುರುಪೆಯ ಹೊಳಪೂ ಇದೇ ಜಾತಿಯದು. ಅದು ಬಳಿದ ಬಣ್ಣವಲ್ಲ, ತೆಳು ಪದರಗಳು ಬೆಳಕನ್ನು ಹಿಂದಿರುಗಿಸುವ ಬಗೆ. ಸಂಜೆ ಬಿದ್ರಿ ಕುಶಲಕರ್ಮಿಯೊಬ್ಬರ ಅಂಗಡಿಯಲ್ಲಿ ಹೂಜಿಯೊಂದನ್ನು ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದುವುದನ್ನು ನೋಡಿದೆ. ಅದುವರೆಗೆ ಬೂದು ಲೋಹದ ಮೇಲೆ ಬೆಳ್ಳಿ ಇದೆಯೋ ಇಲ್ಲವೋ ಎಂಬಂತಿತ್ತು. ಲೋಹ ಕಪ್ಪಾದದ್ದೇ ತಡ, ಬೆಳ್ಳಿಯ ಹೂವು ಎದ್ದು ಬಂತು. ಬೆಳ್ಳಿ ಬದಲಾಗಿರಲಿಲ್ಲ, ಅದರ ಹಿಂದಿನದು ಬದಲಾಗಿತ್ತು.

ಮರುದಿನ ಕಾರಂಜಾ ಜಲಾಶಯದ ಹಿನ್ನೀರಿಗೆ ಹೋದೆ. ಮಾಂಜ್ರಾ ನದಿಗೆ ಸೇರುವ ಕಾರಂಜಾ ಹೊಳೆಗೆ ಭಾಲ್ಕಿ ತಾಲ್ಲೂಕಿನಲ್ಲಿ ಕಟ್ಟಿದ ಅಣೆಕಟ್ಟು ಇದು. ಅಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆ ಪಡೆದವರದು. ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆ. ದಡದಲ್ಲಿ ಥರ್ಮಾಕೋಲ್ ತೆಪ್ಪದ ಹಗ್ಗ ಬಿಗಿಯುತ್ತಿದ್ದ ಕಾಕಾ ಪೆಟ್ಟಿಗೆಯ ಬಣ್ಣಗಳನ್ನೆಲ್ಲ ಬೆರಳಿನಿಂದ ಸರಿಸಿ ನೋಡಿದರು. "ತಮ್ಮಾ, ನಮ್ಮಲ್ಲಿ ಹೊಸ ನೀರಿಗೆ ಕಪ್ಪೆ, ತಿಳಿನೀರಿಗೆ ಮರಿಮೀನು. ಇಷ್ಟೇ" ಎಂದರು.

ನೀರು ಕೆಂಪಗೆ, ಚಹಾಕ್ಕಿಂತ ದಟ್ಟವಾಗಿತ್ತು. ಬುತ್ತಿ ಡಬ್ಬಿಯ ಬಿಳಿ ಮುಚ್ಚಳಕ್ಕೆ ಕಲ್ಲು ಕಟ್ಟಿ ದಾರದಿಂದ ಇಳಿಬಿಟ್ಟೆ. ಒಂದು ಮೊಳ ಇಳಿಯುವಷ್ಟರಲ್ಲಿ ಅದು ಕಾಣದಾಯಿತು. ಬಳಿಕ ಬಂಡೆಯ ಮೇಲೆ ಮಂಡಿಯೂರಿ ಮೂರು ಎರೆಗಳನ್ನು ಜೊತೆಯಾಗಿ ಮುಳುಗಿಸಿದೆ. ಒಂದು ಗೇಣು ಆಳದಲ್ಲಿ ಕಡುನೀಲಿ ಪೂರ್ತಿ ಕರಿಯಾಯಿತು. ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೂ ಕೆಂಪೆಂದು ಗುರುತಿಸಬಹುದಿತ್ತು. ನಿಂಬೆಹಳದಿ ಎಲ್ಲಕ್ಕಿಂತ ಕೊನೆಗೆ ಮರೆಯಾಯಿತು. ಕಾಕಾ ಬಗ್ಗಿ ನೋಡಿ, "ನೀಲಿಯನ್ನು ನೀರೇ ನುಂಗಿತು" ಎಂದರು.

ನಿಜವಾಗಿ ಆದದ್ದೂ ಅದೇ. ನೀರಿನಲ್ಲಿ ಕೆಂಪು ಮೊದಲು ಮಾಯವಾಗುತ್ತದೆ ಎಂಬ ಮಾತನ್ನು ಗಾಳಗಾರರು ಎಲ್ಲ ಕಡೆಯೂ ಹೇಳುತ್ತಾರೆ. ತಿಳಿಯಾದ ನೀರಿಗೆ ಅದು ಸರಿ. ಅಲ್ಲಿ ಕೆಲವೇ ಮೀಟರ್ ಆಳದಲ್ಲಿ ಕೆಂಪು ಅಳಿದು ನೀಲಿ ಆಳಕ್ಕೆ ಇಳಿಯುತ್ತದೆ. ಆದರೆ ಮಣ್ಣಿನ ಕಣ ಮತ್ತು ಕೊಳೆತ ಎಲೆಯ ಬಣ್ಣ ಬೆರೆತ ನೀರು ಮೊದಲು ತಿನ್ನುವುದು ನೀಲಿಯನ್ನೇ. ತಿಳಿನೀರಿನ ನಿಯಮವನ್ನು ನಮ್ಮ ಕೆರೆ ಹೊಳೆಗಳಿಗೆ ಹಾಗೆಯೇ ಹೊದಿಸುವುದು ತಪ್ಪು ಎಂದು ನನಗೆ ಆ ಬಂಡೆಯ ಮೇಲೆ ಖಚಿತವಾಯಿತು.

ಇನ್ನು ಕಣ್ಣಿನ ಮಾತು. ಇಲಿನಾಯ್ ವಿಶ್ವವಿದ್ಯಾಲಯದವರು ಬಾಸ್ ಮೀನಿನ ಕಣ್ಣನ್ನು ಪರೀಕ್ಷಿಸಿ, ಬಣ್ಣಗಳನ್ನು ಗುರುತಿಸುವ ತರಬೇತಿಯನ್ನೂ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಅಚ್ಚಾಯಿತು. ನಮ್ಮ ಕಣ್ಣಿನಲ್ಲಿ ಬಣ್ಣ ಅರಿಯುವ ಮೂರು ಬಗೆಯ ಶಂಕು ಕೋಶಗಳಿದ್ದರೆ ಬಾಸ್‌ಗೆ ಇರುವುದು ಎರಡೇ. ಒಂದು ಬೆಳಕಿನ ತರಂಗಾಂತರದ ಲೆಕ್ಕದಲ್ಲಿ 535 ನ್ಯಾನೊಮೀಟರ್ ಸುಮಾರಿನ ಹಸಿರಿಗೆ, ಇನ್ನೊಂದು 614ರ ಸುಮಾರಿನ ಕೆಂಪಿಗೆ ಹೆಚ್ಚು ಸ್ಪಂದಿಸುತ್ತದೆ. ಹೀಗಾಗಿ ಕೆಂಪು ಮತ್ತು ಹಸಿರನ್ನು ಅದು ಚೆನ್ನಾಗಿ ಬಿಡಿಸಿ ನೋಡುತ್ತದೆ. ನೀಲಿ ಯಾವುದು, ಕಪ್ಪು ಯಾವುದು ಎಂಬಲ್ಲಿ ತಡವರಿಸುತ್ತದೆ, ಬಿಳಿ ಮತ್ತು ನಿಂಬೆಹಳದಿಯ ನಡುವೆಯೂ ಹಾಗೆಯೇ. ಅಂಗಡಿಯವರು ಬೇರೆ ಬೇರೆ ಬೆಲೆ ಹಚ್ಚಿ ಮಾರುವ ಎಷ್ಟೋ ಛಾಯೆಗಳು ಆ ಮೀನಿಗೆ ಒಂದೇ. ಕೊರವದ ಕಣ್ಣು ಬಾಸ್‌ನ ಕಣ್ಣಿನಂತೆಯೇ ಇರಬೇಕಿಲ್ಲ. ಆದರೆ ಬೆಳಕಿಗೆ ನೀರು ಮಾಡುವುದು ಇಬ್ಬರಿಗೂ ಒಂದೇ. ನೀಲಿಯನ್ನು ಪೆಟ್ಟಿಗೆಗೆ ಹಾಕಿ ನಿಂಬೆಹಳದಿ ಕಪ್ಪೆಯನ್ನು ಕಟ್ಟಿದೆ.

ಮಧ್ಯಾಹ್ನದವರೆಗೆ ಎಸೆದೆ. ಒಮ್ಮೆ ಏನೋ ಹಿಂಬಾಲಿಸಿ ಬಂದು ನೀರು ಸುಳಿ ತಿರುಗಿತು, ಅಷ್ಟೇ. ಜೊಂಡಿನ ಸಂದಿನಲ್ಲಿ ಕಿತ್ತಳೆ ಬಣ್ಣದ ಮುದ್ದೆಯೊಂದು ಉಬ್ಬಿ ಇಳಿಯುವುದು ಕಂಡು ಅತ್ತ ಕೈ ಬೀಸಲು ಹೋದೆ. ಕಾಕಾ ನನ್ನ ಮುಂಗೈ ಹಿಡಿದರು. "ಅದು ಮರಳ್ ಮರಿಗಳ ಹಿಂಡು. ತಾಯಿ ತಂದೆ ಕೆಳಗೇ ಕಾವಲಿಗಿರುತ್ತವೆ. ಗಾಳ ಬಿದ್ದರೆ ಸಿಟ್ಟಿಗೆ ಕಚ್ಚಿಯೇ ಕಚ್ಚುತ್ತವೆ. ಅವನ್ನು ಎತ್ತಿದರೆ ಮರಿಗಳು ಸಂಜೆಯೊಳಗೆ ಬೇರೆಯವರ ಬಾಯಿಗೆ." ನೂರಾರು ಮರಿಗಳು ಉಸಿರಿಗಾಗಿ ಮೇಲೆ ಬಂದು ಒಟ್ಟಾಗಿ ಇಳಿಯುತ್ತಿದ್ದವು. ಆ ಕೆಂಪು ನೀರಿನಲ್ಲಿ ನಾನು ಅಂದು ಕಂಡ ಅತ್ಯಂತ ಉಜ್ವಲ ಬಣ್ಣ ಅದು. ಬಹಳ ಹೊತ್ತು ನೋಡುತ್ತ ನಿಂತೆವು, ಬಳಿಕ ಜಾಗ ಬದಲಿಸಿದೆವು.

ಹೊತ್ತು ಇಳಿಯುತ್ತ ಬಂದಂತೆ ರೈಲಿನ ಹಿರಿಯರ ಪ್ರಶ್ನೆ ಎದುರಿಗೆ ಬಂತು. ಕತ್ತಲಾಗುತ್ತಿದ್ದಂತೆ ಮೀನಿನ ಕಣ್ಣಿನಲ್ಲಿ ಬಣ್ಣ ಅರಿಯುವ ಶಂಕು ಕೋಶಗಳು ಹಿಂದೆ ಸರಿದು, ಮಸಕು ಬೆಳಕಿನ ಕಂಬಿ ಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ಆಗ ಬಣ್ಣಕ್ಕಿಂತ ಆಕಾರ ಮುಖ್ಯ. ಕೆಳಗಿನಿಂದ ನೋಡುವ ಮೀನಿಗೆ ಆಕಾಶ ಸುಮಾರು 97 ಡಿಗ್ರಿ ಕೋನದ ಬೆಳಗುವ ಒಂದು ದುಂಡು ಕಿಂಡಿ. ಆ ಕಿಂಡಿಯಲ್ಲಿ ಅತ್ಯಂತ ಸ್ಪಷ್ಟವಾಗಿ ಮೂಡುವುದು ಅತ್ಯಂತ ಕಪ್ಪಾದದ್ದು. ಬಿದ್ರಿ ಹೂಜಿಯನ್ನು ತಲೆಕೆಳಗು ಮಾಡಿದಂತೆ: ಇಲ್ಲಿ ಬೆಳ್ಳಿಯೇ ಹಿನ್ನೆಲೆ, ಕಪ್ಪೇ ಹೂವು.

ಕರಿ ಕಪ್ಪೆಯನ್ನು ಕಟ್ಟಿ ಜೊಂಡಿನ ಅಂಚಿಗೆ ಎಸೆದೆ. ಎರಡು ಬಾರಿ ಮಿಡಿಸಿದೆ, ನಿಲ್ಲಿಸಿದೆ, ಮತ್ತೆ ಮಿಡಿಸಿದೆ. ಬಾವಿಗೆ ಕೊಡ ಬಿದ್ದಂಥ ಸದ್ದಾಯಿತು. ಕಪ್ಪೆ ಇದ್ದಲ್ಲಿ ಗುಂಡಿ ಬಿತ್ತು, ದಾರ ಬಿಗಿದು ಕೋಲು ಬಾಗಿತು. ದಡಕ್ಕೆ ಬಂದ ಮೀನು ಒಂದು ಕಿಲೋ ಮೇಲಿತ್ತು. ಬೆನ್ನು ಕಡುಗಂದು, ಹೊಟ್ಟೆ ಬೆಣ್ಣೆಬಿಳಿ. ನನ್ನ ಕೈ ನಡುಗುತ್ತಿತ್ತು. ಮೀನು ಕಾಕಾ ಅವರ ಬುಟ್ಟಿಗೆ ಹೋಯಿತು, ಅದು ಅವರ ನೀರಿನ ಫಲ.

ಹೊರಡುವಾಗ ಕರಿ ಕಪ್ಪೆಯನ್ನೂ ಅವರಿಗೇ ಕೊಟ್ಟೆ. ಅವರು ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ಮರಿಮೀನನ್ನು ತೋರಿಸಿ, "ಇದನ್ನು ಯಾರಿಗೂ ಕೊಡಬೇಡ" ಎಂದರು. "ಚಳಿ ಬಂದ ಮೇಲೆ ಮಣ್ಣು ತಳ ಹಿಡಿಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ನನ್ನ ಕಾಲ್ಬೆರಳು ಎಣಿಸಲು ಬಂದ ದಿನ ಫೋನ್ ಮಾಡುತ್ತೇನೆ."