ಗೆಜ್ಜೆ ಬಿಚ್ಚಿದ ಮೇಲೆ

ಸಂಜೆ ಮಗಳು ಡಾನ್ಸ್ ಕ್ಲಾಸಿನಿಂದ ಬಂದು ಗೆಜ್ಜೆ ಬಿಚ್ಚಿದಳು. ಕಾಲಿನ ಸುತ್ತ ಸಾಲಾಗಿ ಕೆಂಪು ಗುರುತು, ಜೋಳದ ಕಾಳು ಒತ್ತಿದ ಹಾಗೆ. ವಿಜಯಪುರದ ಧಗೆ ಬೇರೆ, ಫ್ಯಾನ್ ಕೆಳಗೆ ಕೂತರೂ ಬೆವರು ನಿಲ್ಲಲಿಲ್ಲ.

ಪಕ್ಕದ ಮನೆ ಕಾಕಾ ಕೇಳಿದರು, "ಮಗಳು ಆಟಕ್ಕ ಯಾವುದಕ್ಕೂ ಹೋಗೂದಿಲ್ಲೇನು?"

ಈ ಡಾನ್ಸು ಆಟ ಅಲ್ವಾ ಮತ್ತೆ? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರೇಕಿಂಗ್, ಅಂದರೆ ಬ್ರೇಕ್‌ಡಾನ್ಸ್ ಇತ್ತು, ಮಹಿಳೆಯರಲ್ಲಿ ಜಪಾನಿನ ಆಮಿ ಚಿನ್ನ ಗೆದ್ದರು. 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಅದು ಇಲ್ಲ. ನಾಲ್ಕೇ ವರ್ಷದಲ್ಲಿ ಬೆವರು ಬದಲಾಯಿತಾ!

ಆದರೆ ಜಾತ್ರೆಯಲ್ಲಿ ಹೆಜ್ಜೆ ಮೇಳದವರು ತಾಸುಗಟ್ಟಲೆ ಕುಣಿಯುವಾಗ ನನಗೆ ಆಟದ ಹಾಗೆ ಯಾರಿಗೆ ಎಷ್ಟು ಅಂಕ ಅನ್ನೋ ನೆನಪೇ ಬರುವುದಿಲ್ಲ, ಬಂದರೆ ನೋಡೋ ಮಜಾನೇ ಹೋಗುತ್ತದೆ. ಕಾಕಾನ ಮುಂದೆ ಮಾತ್ರ ಆಟ ಅಂತಲೇ ಸುಮ್ನೆ ವಾದ ಮಾಡಿದೆ. ಅಷ್ಟೊತ್ತಿಗೆ ಒಳಗಿನಿಂದ ಮಗಳು ಇನ್ನೊಂದು ರೊಟ್ಟಿ ಕೇಳಿದಳು. ಅದು ಮೂರನೆಯದು.