ತಟ್ಟೆಯ ಮೇಲಿನ ಉಂಗುರ

ಇವತ್ತು ಲ್ಯಾಬಿನಲ್ಲಿ ಅಮ್ಮನ ಯೂರಿನ್ ಕಲ್ಚರ್ ಪ್ಲೇಟ್ ತೋರಿಸಿದರು. ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ, ಅಂಗೈಯಗಲದ ತಟ್ಟೆ. ಅದರ ತುಂಬಾ ಮಸುಕಾಗಿ ಹಬ್ಬಿದ ಇ. ಕೋಲಿ ಬ್ಯಾಕ್ಟೀರಿಯಾ. ಮೇಲೆ ಬಿಂದಿಯಷ್ಟಗಲದ ಕಾಗದದ ಬಿಲ್ಲೆಗಳು, ಒಂದೊಂದರಲ್ಲೂ ಒಂದೊಂದು ಆಂಟಿಬಯೋಟಿಕ್.

ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ನೈಟ್ರೊಫ್ಯುರಾಂಟಾಯಿನ್ ಸುತ್ತ ಮಾತ್ರ ಅಗಲವಾದ, ತಿಳಿಯಾದ ಉಂಗುರ. ಅಲ್ಲಿ ಏನೂ ಬೆಳೆದಿರಲಿಲ್ಲ.

ಹೋದ ಸಲ ಉರಿಮೂತ್ರ ಆದಾಗ ಚೀಟಿಯಿಲ್ಲದೆ ಸಿಪ್ರೊ ತಂದುಕೊಟ್ಟವಳು ನಾನೇ. ಎರಡು ದಿನಕ್ಕೆ ಉರಿ ಕಡಿಮೆಯಾಯ್ತು ಅಂತ ನಿಲ್ಲಿಸಿಯೂ ಬಿಟ್ಟೆ.

ಈ ಸಲ ಡಾಕ್ಟರು, "ಜ್ವರ ಇಲ್ಲ, ರಿಪೋರ್ಟ್ ಬರಲಿ, ಆಮೇಲೆ ಮಾತ್ರೆ" ಅಂದಾಗ ಸಿಟ್ಟು ಬಂದಿತ್ತು. ಎರಡು ದಿನ ಸುಮ್ನೆ ಕಾಯಿಸ್ತಾರೆ ಅನ್ನಿಸಿತ್ತು.

ಊಟದ ಜೊತೆಗೇ ತಗೋಬೇಕಂತೆ ಈ ನೈಟ್ರೊಫ್ಯುರಾಂಟಾಯಿನ್ ಮಾತ್ರೆ. ಅಮ್ಮನಿಗೆ ಗಂಜಿ ಬಿಸಿ ಮಾಡುತ್ತಿದ್ದೇನೆ. ಆ ಉಂಗುರ ಇನ್ನೂ ಕಣ್ಣ ಮುಂದೆಯೇ ಇದೆ.