ಬೋಟಿನ ಅಡಿ ಕೆರೆಸಿದ ದಿನ

ಮೇ ಕೊನೆಯ ಅಮಾವಾಸ್ಯೆಯ ಉಬ್ಬರದಲ್ಲಿ ನಮ್ಮ ಬೋಟನ್ನು ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ ದಡಕ್ಕೆ ಎಳೆದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಹೊರಗಿನವರ ಕಣ್ಣಿಗೆ ಆ 61 ದಿನ ರಜೆ. ಬೋಟಿನವರಿಗೆ ಬಲೆ ರಿಪೇರಿ, ಎಂಜಿನ್ ಬಿಚ್ಚುವುದು, ಸಾಲದ ಲೆಕ್ಕ, ಎಲ್ಲವೂ ಆಗಲೇ. ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಅಡಿಯ ಕೆಲಸ. ವರ್ಷವಿಡೀ ನೀರಿನಲ್ಲಿ ಮುಳುಗಿದ್ದು ಯಾರಿಗೂ ಕಾಣದ ಆ ಭಾಗವೇ ಮುಂದಿನ ಹಂಗಾಮಿನ ಡೀಸೆಲ್ ಖರ್ಚನ್ನೂ ಬೋಟಿನ ಆಯುಷ್ಯವನ್ನೂ ತೀರ್ಮಾನಿಸುತ್ತದೆ.

ವಿಂಚಿನ ಹಗ್ಗ ಬಿಗಿದು ಬೋಟು ಇಂಚಿಂಚೇ ಮೇಲೇರುತ್ತಿದ್ದಂತೆ ಅಡಿ ಕಾಣಿಸತೊಡಗಿತು. ನೀರಿನ ಗೆರೆಯ ಹತ್ತಿರ ಹಸಿರು ಪಾಚಿ. ಅದರ ಕೆಳಗೆ ಕಂದು ಲೋಳೆ. ಇನ್ನೂ ಕೆಳಗೆ, ಗಟ್ಟಿ ಚಿಪ್ಪಿನೊಂದಿಗೆ ಅಂಟಿ ಬೆಳೆಯುವ ಪುಟ್ಟ ಪ್ರಾಣಿಗಳಾದ ಬಾರ್ನಕಲ್‌ಗಳು, ಬೆರಳಿಟ್ಟರೆ ಕುಯ್ಯುವಷ್ಟು ಚೂಪು. ಚುಕ್ಕಾಣಿಯ ಸಂದಿಯಲ್ಲಿ ನೀಲಿಕಲ್ಲು ಎಂಬ ಎರಡು ಚಿಪ್ಪಿನ ಪ್ರಾಣಿಯ ಮರಿಗಳು ನೂಲಿನಂಥ ಎಳೆಗಳಿಂದ ಕಚ್ಚಿ ಹಿಡಿದಿದ್ದವು. ಬಾರ್ನಕಲ್ ಎಲ್ಲ ಕಡೆ ಒಂದೇ ಸಮನೆ ಇರಲಿಲ್ಲ. ಹೋದ ವರ್ಷ ಬಣ್ಣ ಹೊಡೆಯುವಾಗ ಬೋಟು ಯಾವ ಮರದ ದಿಮ್ಮಿಗಳ ಮೇಲೆ ಕೂತಿತ್ತೋ, ಆ ಜಾಗಗಳಿಗೆ ಬ್ರಷ್ ತಾಗಿರಲಿಲ್ಲ. ಅಲ್ಲೆಲ್ಲ ಚೌಕಾಕಾರದಲ್ಲಿ ದಟ್ಟವಾಗಿ ಬೆಳೆದಿದ್ದವು. ಬಣ್ಣ ಇದ್ದಲ್ಲಿ ವಿರಳ.

"ಒಣ್ಗುಕ್ ಬಿಡ್ಬೇಡಿ, ಈಗಳೇ ಕೆರ್ಸಿ" ಎಂದು ಅಪ್ಪಯ್ಯ ಕೂಗಿದರು. ಅನುಭವದ ಮಾತು ಅದು. ಹಸಿಯಿರುವಾಗ ಪಾಚಿ, ಲೋಳೆ ನೀರಿನ ಜೆಟ್ಟಿಗೇ ಉದುರುತ್ತವೆ. ಬಾರ್ನಕಲ್ ಅಗಲ ತಗಡಿನ ಏಟಿಗೆ ಕಳಚುತ್ತದೆ. ಮೇ ಬಿಸಿಲಿನಲ್ಲಿ ಒಂದು ಹಗಲು ಬಿಟ್ಟರೆ ಪಾಚಿ ಬಣ್ಣಕ್ಕೇ ಅಂಟಿ ಸಿಪ್ಪೆಯಾಗುತ್ತದೆ, ಕೊಳೆತ ವಾಸನೆಗೆ ಅಡಿಗೆ ನುಗ್ಗಲೂ ಆಗುವುದಿಲ್ಲ. ಬೋಟಿನ ಕೆಲಸದವರಾದ ಕಲಾಸಿಗಳು ಎರಡೂ ಮಗ್ಗುಲು ಹಿಡಿದರು. ನಾನು ಚುಕ್ಕಾಣಿ ಮತ್ತು ಫ್ಯಾನಿನ (ಪ್ರೊಪೆಲ್ಲರ್) ಭಾಗಕ್ಕೆ ಕೂತೆ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಈ ಕೆಲಸ ಪ್ರತಿ ಬೇಸಿಗೆ ರಜೆಯಲ್ಲೂ ಇಷ್ಟದ್ದು.

ಬಾರ್ನಕಲ್ ನೋಡಲು ಚಿಪ್ಪಿನ ಜಾತಿ ಅನ್ನಿಸುತ್ತದೆ. ಬೋಟು ನಡೆಸುವ ನಮ್ಮ ತಾಂಡೇಲರೂ ಹಾಗೇ ನಂಬಿದ್ದರು. ಒಂದನ್ನು ಒಡೆದು ಒಳಗಿನ ಗರಿಯಂಥ ಕಾಲುಗಳನ್ನು ತೋರಿಸಿ, "ತಾಂಡೇಲ್ರೇ, ಇದು ಚಟ್ಲಿಯ ನೆಂಟ" ಅಂದೆ. ಅವರು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ವಿಜ್ಞಾನಿಗಳೂ ಇದನ್ನು ಮೃದ್ವಂಗಿಗಳ ಸಾಲಿನಲ್ಲೇ ಇಟ್ಟಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಇದರ ಮರಿ ನೀರಿನಲ್ಲಿ ಈಜಾಡುವುದನ್ನು ತೋರಿಸಿದ ಮೇಲೆಯೇ ಇದು ಸಿಗಡಿ, ಏಡಿಗಳ ಬಳಗದ್ದು ಎಂದು ಗೊತ್ತಾದದ್ದು. ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಈ ಪ್ರಾಣಿಯ ಅಧ್ಯಯನದಲ್ಲೇ ಮುಳುಗಿದ್ದ.

ಆ ಮರಿಯ ಕೊನೆಯ ಹಂತ ನನಗೆ ಈಗಲೂ ಸೋಜಿಗ. ಅದು ಏನೂ ತಿನ್ನುವುದಿಲ್ಲ. ಜಾಗ ಹುಡುಕುವುದೊಂದೇ ಅದರ ಕೆಲಸ. ಮೀಸೆಯಂಥ ಅಂಗಗಳನ್ನು ಊರಿ ಹಲಗೆಯ ಮೇಲೆ ನಡೆದಾಡುತ್ತದೆ. ತನ್ನ ಜಾತಿಯವು ಮೊದಲೇ ಕೂತಿದ್ದರೆ ಅಲ್ಲೇ ನಿಲ್ಲಲು ಒಲವು ಹೆಚ್ಚು. ಒಪ್ಪಿದ ಮೇಲೆ ತಲೆಯ ಭಾಗದಿಂದ ಅಂಟು ಸುರಿಸಿ ಕೂತುಬಿಡುತ್ತದೆ. ಆಮೇಲೆ ಏಳುವ ಮಾತಿಲ್ಲ. ಹಾಗಾಗಿಯೇ ಹೋದ ವರ್ಷದ ನಾಲ್ಕು ಚಿಪ್ಪು ಉಳಿಸಿ ಬಣ್ಣ ಬಳಿದರೆ ಅದರ ಸುತ್ತ ಈ ವರ್ಷ ನಲವತ್ತು. ಮೇಲಿನ ಗೋಪುರ ಕಿತ್ತರೂ ಬಿಳಿ ಬಳೆಯಂಥ ತಳ ಉಳಿಯುತ್ತದೆ. ಅದನ್ನೂ ತಿಕ್ಕಿ ತೆಗೆಯದೆ ಬಣ್ಣ ಹಚ್ಚಿದರೆ ಆ ಬಣ್ಣ ಪದರ ಪದರವಾಗಿ ಎದ್ದು ಬರುತ್ತದೆ.

ಮಳೆಗಾಲದ ಹೊಳೆನೀರು ಈ ಕೆಲಸ ಮಾಡಿಕೊಡುತ್ತದೆ ಎಂಬ ಮಾತು ಬೋಟು ನಿಲ್ಲುವ ದಕ್ಕೆಯಲ್ಲಿ ಕೇಳಿಬರುತ್ತದೆ. ಅರ್ಧ ನಿಜ. ಇಲ್ಲಿನ ಪಂಚಗಂಗಾವಳಿ ನದಿಗೆ ಐದು ಹೊಳೆಗಳ ನೀರು ಸೇರಿ ಅಳಿವೆಯೆಲ್ಲ ಸಿಹಿಯಾದಾಗ ಉಪ್ಪುನೀರಿನ ಜೀವಿಗಳು ಸಾಯುತ್ತವೆ. ಚಿಪ್ಪು ಮಾತ್ರ ಬೀಳುವುದಿಲ್ಲ. ಬೋಟನ್ನು ತಡೆಯುವುದು ಒಳಗಿನ ಪ್ರಾಣಿಯಲ್ಲ, ಹೊರಗಿನ ಆ ಒರಟು.

ಈ ಒರಟಿನ ಬೆಲೆ ಎಷ್ಟು? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ ನೌಕಾಪಡೆಯ ಫ್ರಿಗೇಟ್ ಯುದ್ಧನೌಕೆಗೆ ಲೆಕ್ಕ ಹಾಕಿತ್ತು: ಚಿಪ್ಪು ದಟ್ಟವಾಗಿ ಕೂತರೆ ಅದೇ ವೇಗದಲ್ಲಿ ಹೋಗಲು ಶೇ. 86ರವರೆಗೆ ಹೆಚ್ಚು ಶಕ್ತಿ ಬೇಕು. ಬರೀ ದಪ್ಪ ಲೋಳೆಗೇ ಶೇ. 20ರ ಆಸುಪಾಸು. ಇದನ್ನು ಹಾಗೇ ತಂದು ನಮ್ಮ ಟ್ರಾಲ್ ಬೋಟಿಗೆ ಹಚ್ಚುವುದು ಸರಿಯಲ್ಲ. ಬಲೆ ಎಳೆಯುವಾಗ ನಿಧಾನವಾಗಿ ಹೋಗುತ್ತೇವೆ, ಆಗ ಎಂಜಿನ್ನಿನ ಹೆಚ್ಚಿನ ಬಲವನ್ನು ತಿನ್ನುವುದು ಬಲೆಯೇ. ಅಡಿಯ ಚಿಪ್ಪು ಕಾಡುವುದು ಮೀನಿನ ಜಾಗಕ್ಕೆ ಹೋಗುವಾಗ ಮತ್ತು ಮಂಜುಗಡ್ಡೆ ಕರಗುವ ಮುಂಚೆ ದಕ್ಕೆ ಮುಟ್ಟುವ ಧಾವಂತದಲ್ಲಿ. ಫ್ಯಾನಿನ ಎಲೆಗೆ ಕೂತ ಚಿಪ್ಪಂತೂ ಎರಡೂ ಹೊತ್ತು ಕಾಡುತ್ತದೆ. ಅದಕ್ಕೇ ಫ್ಯಾನನ್ನು ಹೊಳೆಯುವವರೆಗೂ ತಿಕ್ಕಿದೆ.

ಮಧ್ಯಾಹ್ನದ ಗಂಜಿ ಆದಮೇಲೆ ಬಡಗಿ ಆಚಾರ್ರು ಸುತ್ತಿಗೆ ಹಿಡಿದು ಬಂದರು. ನಮ್ಮದು ಹೆಬ್ಬಲಸಿನ ಹಲಗೆಯ ಬೋಟು, ಹೊರಗಿನಿಂದ ಫೈಬರ್ ಹೊದಿಸಿದ್ದು. ಅಜ್ಜನ ಕಾಲದಲ್ಲಿ ಮರದ ಮೈಗೆ ಗೇರೆಣ್ಣೆ, ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು; ಮರ ಕೊರೆಯುವ ಹುಳಕ್ಕೆ ಅದೇ ತಡೆ. ಫೈಬರ್ ಬಂದ ಮೇಲೆ ಆ ಭಯ ಮರೆತುಹೋಗಿತ್ತು. ಆಚಾರ್ರು ಅಡಿಮರದ ಉದ್ದಕ್ಕೂ ತಟ್ಟುತ್ತ ಬಂದು ಒಂದು ಕಡೆ ನಿಂತರು. ಮತ್ತೆ ತಟ್ಟಿದರು. ಸದ್ದು ಬೇರೆಯಿತ್ತು. "ಇಲ್ ಒಳ್ಗ್ ಎಂತದೂ ಇಲ್ಲೆ, ಕಾಣಿ" ಎಂದರು.

ಅಳಿವೆಯ ಮರಳು ದಿಬ್ಬಕ್ಕೆ ಅಡಿ ತಾಗಿ ಫೈಬರ್ ಅಲ್ಲಿ ಸವೆದು ಸಣ್ಣ ಸೀಳು ಬಿಟ್ಟಿತ್ತು. ಅಷ್ಟು ಸಾಕು. ಹಡಗುಹುಳ ಎಂದು ಕರೆದರೂ ಅದು ಹುಳವಲ್ಲ. ನೀಲಿಕಲ್ಲಿನಂತೆ ಎರಡು ಚಿಪ್ಪಿನ ಪ್ರಾಣಿಯೇ. ಆ ಎರಡು ಪುಟ್ಟ ಚಿಪ್ಪುಗಳನ್ನು ತಲೆಯ ಕಡೆ ಅರದಂತೆ ಬಳಸಿ ಮರ ಕೊರೆಯುತ್ತದೆ. ಮರ ಜೀರ್ಣವಾಗಲು ಅದರ ಕಿವಿರಿನಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿದೆ. ಸೂಜಿಮೊನೆಯಷ್ಟು ತೂತಿನಿಂದ ಮರಿಯಾಗಿ ಒಳಹೊಕ್ಕು ಒಳಗೇ ಬೆಳೆಯುವುದರಿಂದ ಹೊರಗೆ ನೋಡಿದವರಿಗೆ ಏನೂ ತಿಳಿಯದು. ಹಲಗೆ ಕತ್ತರಿಸಿ ತೆಗೆದಾಗ ಒಳಗೆ ಪೆನ್ಸಿಲ್ ದಪ್ಪದ ಸುರಂಗಗಳು, ಒಳಮೈಗೆ ತೆಳು ಬಿಳಿ ಸುಣ್ಣದ ಲೇಪ. ಅಷ್ಟು ಸುರಂಗಗಳಿದ್ದರೂ ಒಂದು ಇನ್ನೊಂದನ್ನು ಕತ್ತರಿಸಿರಲಿಲ್ಲ. ಅಪ್ಪಯ್ಯ ಏನೂ ಮಾತಾಡದೆ ಕೈಯಲ್ಲಿ ಹಿಡಿದು ಮುರಿದರು. ಬಿಸ್ಕತ್ತಿಗಿಂತ ಸುಲಭವಾಗಿ ಮುರಿಯಿತು. ಆಗಸ್ಟಿನ ಕಡಲಿನಲ್ಲಿ ಆ ಹಲಗೆ ಬಿಟ್ಟುಕೊಟ್ಟಿದ್ದರೆ ಎಂಬ ಯೋಚನೆ ಅಲ್ಲಿದ್ದ ಎಲ್ಲರಿಗೂ ಬಂದಿರಬೇಕು. ಹೊಸ ಹಲಗೆಗೆ ಅಳತೆ ತೆಗೆದದ್ದು ಆ ಸಂಜೆಯೇ.

ಆದರೆ ಆ ದಿನ ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆದದ್ದು ಬೇರೆ ವಿಷಯ. ನಾವು ಕೆರೆಸುತ್ತಿದ್ದಾಗ ಕಪ್ಪೆಚಿಪ್ಪು ಹೆಕ್ಕಲು ಹೊಳೆಗೆ ಇಳಿಯುವ ಅಮ್ಮ ಒಬ್ಬರು ಬುಟ್ಟಿ ಹೊತ್ತು ಹೋಗುತ್ತ ನಿಂತರು. ನೆಲದ ಮೇಲೆ ಬಿದ್ದಿದ್ದ ಹಳೆ ಬಣ್ಣದ ಕೆಂಪು ಪುಡಿ ನೋಡಿ, "ಇದ್ ನೀರಿಗ್ ಹೋರೆ ಚಿಪ್ಪಿಗ್ ಎಂತ ಆತ್ತ್?" ಎಂದು ಕೇಳಿದರು.

ಸರಿಯಾದ ಪ್ರಶ್ನೆ ಅದು. ಆ ಕೆಂಪು ತಾಮ್ರದ ಆಕ್ಸೈಡಿನದು. ಅಡಿಗೆ ಹೊಡೆಯುವ ಬಣ್ಣ ಕೆಲಸ ಮಾಡುವುದೇ ವಿಷವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಟ್ಟು, ಕೂರಲು ಬಂದ ಮರಿಗಳನ್ನು ಕೊಂದು. ಬೋಟಿಗೆ ಅಂಟುವ ನೀಲಿಕಲ್ಲಿನ ಮರಿಗೂ ಮರಳಿನಲ್ಲಿ ಬೆಳೆಯುವ ಕಪ್ಪೆಚಿಪ್ಪಿನ ಮರಿಗೂ ಅದು ಭೇದ ಮಾಡುವುದಿಲ್ಲ. ತಾಮ್ರಕ್ಕಿಂತ ಬಹಳ ಕ್ರೂರವಾದ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತವನ್ನು ಒಂದು ಕಾಲದಲ್ಲಿ ಲೋಕವೆಲ್ಲ ಬಳಿದಿತ್ತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಬದುಕು ಅದರಿಂದ ಕುಸಿಯಿತು. ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು, ಮರಿಗಳು ನಿಲ್ಲಲಿಲ್ಲ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿ, 2008ರಲ್ಲಿ ಜಾರಿಗೆ ಬಂತು. ಮೊದಲು ಪೆಟ್ಟು ತಿಂದವರು ಚಿಪ್ಪು ನಂಬಿ ಬದುಕುವವರೇ.

ತಾಮ್ರದ ಬಣ್ಣ ಬಿಟ್ಟುಬಿಡಿ ಎಂದು ಅಪ್ಪಯ್ಯನಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ನ್ಯಾಯವೂ ಅಲ್ಲ. ವಿಷವಿಲ್ಲದೆ ಬರೀ ನುಣುಪಿನಿಂದ ಚಿಪ್ಪು ಜಾರಿಸುವ ಸಿಲಿಕೋನ್ ಲೇಪಗಳಿವೆ. ದುಬಾರಿ, ಜೊತೆಗೆ ವೇಗವಾಗಿ ಓಡುವ ಹಡಗಿಗೇ ಚೆನ್ನಾಗಿ ಒಗ್ಗುವಂಥವು. ಟ್ರಾಲ್ ಎಳೆಯುವ, ದಕ್ಕೆಯಲ್ಲಿ ದಿನಗಟ್ಟಲೆ ನಿಲ್ಲುವ ಬೋಟಿಗೆ ಹೊಂದುವುದು ಕಷ್ಟ. ಆದರೆ ಕೆರೆಸಿದ ಪುಡಿಯನ್ನು ಹೊಳೆಗೆ ಬಿಡದಿರುವುದು ನಮ್ಮ ಕೈಯಲ್ಲೇ ಇದೆ. ಒಂದು ವರ್ಷದಲ್ಲಿ ನಿಧಾನವಾಗಿ ಬಿಡಬೇಕಾದ್ದನ್ನು ಮೊದಲ ಮಳೆಗೆ ಒಂದೇ ಸಲ ಕಪ್ಪೆಚಿಪ್ಪಿನ ಮರಳಿನ ಮೇಲೆ ಸುರಿಯುವುದು ಸಲ್ಲದು. "ಅಪ್ಪಯ್ಯಾ, ಅಡಿಗೆ ಟರ್ಪಾಲು ಹಾಸುವ" ಎಂದೆ. "ಹಾಸ್ ಮಗಾ" ಎಂದರು, ಅಷ್ಟೇ. ಬಲೆಯ ಕೋಣೆಯಿಂದ ಹಳೆಯ ಟರ್ಪಾಲು ತಂದು ಹಾಸಿ, ನೆಲದ ಪುಡಿಯನ್ನೂ ಗುಡಿಸಿ ಚೀಲಕ್ಕೆ ತುಂಬಿದೆವು. ಮರಳುಕಾಗದ ಉಜ್ಜುವ ಕೆಲಸವನ್ನು ನೀರು ಹಾಕಿಯೇ ಮಾಡಿಸಿದೆ. ಒಣಗಿಸಿ ಉಜ್ಜಿದರೆ ಆ ಧೂಳು ಹೋಗುವುದು ಕಲಾಸಿಗಳ ಶ್ವಾಸಕೋಶಕ್ಕೆ.

ಜುಲೈ ಕೊನೆಯಲ್ಲಿ ಮಳೆ ಬಿಡುವು ಕೊಟ್ಟಾಗ ಬಣ್ಣ ಆಯಿತು. ಚುಕ್ಕಾಣಿಯ ಅಂಚಿಗೆ, ನೀರಿನ ಗೆರೆಗೆ ಒಂದು ಕೋಟು ಹೆಚ್ಚು. ಲೋಹ ಸವೆಯದಂತೆ ಕಾಯುವ ಜಿಂಕ್ ತುಂಡುಗಳಿಗೂ ಮೀನು ಹುಡುಕುವ ಯಂತ್ರದ ಮುಖಕ್ಕೂ ಬ್ರಷ್ ತಾಗಿಸಲಿಲ್ಲ. ಈ ಸಲ ದಿಮ್ಮಿಗಳನ್ನು ನಡುವೆ ಒಮ್ಮೆ ಸರಿಸಿ, ಅವುಗಳಡಿಯ ಜಾಗಕ್ಕೂ ಬಣ್ಣ ಮುಟ್ಟಿಸಿದರು. ಪಕ್ಕದ ಬೋಟಿನವರಿಗೆ ಇನ್ನೂ ಕೆರೆಸುವುದು ಬಾಕಿಯಿತ್ತು. ಟರ್ಪಾಲು ಕೇಳಿದರು, ಕೊಟ್ಟೆವು. ತುಂಬಿದ ಚೀಲಗಳನ್ನು ಎಲ್ಲಿಗೆ ಕೊಡಬೇಕು ಎಂದೂ ಕೇಳಿದರು. ದಕ್ಕೆಯಲ್ಲಿ ಅದಕ್ಕೊಂದು ಜಾಗ ಇಲ್ಲ. ಮುಂದಿನ ಸಂಘದ ಸಭೆಯಲ್ಲಿ ಕೇಳುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.